ಮುಗಿಯದ ಆಟದ ಯಂತ್ರ

ಆಟಗಾರ ಒಂದು ಪಾತ್ರವನ್ನು ತನ್ನದಾಗಿಸಿಕೊಂಡು, ಅದರ ಬಲವನ್ನು ಹಂತಹಂತವಾಗಿ ಬೆಳೆಸುತ್ತ ಹೋಗುವ ವಿಡಿಯೊ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ, ಎಂದು ಹೆಸರು. ಪಾತ್ರ ಯೋಧನದಿರಲಿ, ಮಾಂತ್ರಿಕನದಿರಲಿ, ಆಟ ನಡೆಯುವ ಬಗೆ ಒಂದೇ. ಆಟದೊಳಗಿನ ಊರಿನವರು ಯಾರೋ ಒಂದು ಕೆಲಸ ಹೇಳುತ್ತಾರೆ. ಇದು ಕ್ವೆಸ್ಟ್. ಕಾಡಿಗೆ ಹೋಗಿ ಹತ್ತು ತೋಳ ಕೊಂದು ಬಾ, ಗುಡ್ಡದಾಚೆಯಿಂದ ಐದು ಬೇರು ಕಿತ್ತು ತಾ, ಈ ಓಲೆಯನ್ನು ಪಕ್ಕದ ಊರಿಗೆ ಮುಟ್ಟಿಸು. ಕೆಲಸ ಮುಗಿದರೆ ಒಂದಿಷ್ಟು ನಾಣ್ಯ, ಒಂದು ಆಯುಧ, ಜೊತೆಗೆ ಎಕ್ಸ್‌ಪಿ ಎಂಬ ಅನುಭವದ ಅಂಕ ಸಿಗುತ್ತದೆ. ಅಂಕ ತುಂಬಿದಾಗ ಪಾತ್ರ ಒಂದು ಲೆವೆಲ್ ಮೇಲೇರುತ್ತದೆ. ಮೇಲೇರಿದವನಿಗೆ ಇನ್ನೂ ದೊಡ್ಡ ತೋಳ, ಇನ್ನೂ ದೂರದ ಗುಡ್ಡ ಕಾದಿರುತ್ತದೆ. ಹೀಗೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಅಂಕ ಕೂಡಿಸುವುದನ್ನು ಆಟಗಾರರು ಗ್ರೈಂಡಿಂಗ್ ಎನ್ನುತ್ತಾರೆ.

ಇಷ್ಟು ಏಕತಾನದ ಕೆಲಸ ಬೇಗನೆ ಬೇಸರ ತರಬೇಕು. ಆದರೆ ಲಕ್ಷಾಂತರ ಜನ ಇದನ್ನು ಇಷ್ಟಪಟ್ಟು, ನೂರಾರು ಗಂಟೆ ಮಾಡುತ್ತಾರೆ. ಇದಕ್ಕೆ ಕಾರಣವಾಗುವ ಮೂರು ಭಾಗಗಳು ಆಟದೊಳಗಿವೆ: ಕ್ವೆಸ್ಟ್ ತಯಾರಿಸುವ ಅಚ್ಚು, ಲೆವೆಲ್‌ಗಳ ಏರು, ಅದೃಷ್ಟದ ಲೆಕ್ಕ. ಮಿದುಳಿನ ಕಲಿಯುವ ಸ್ವಭಾವಕ್ಕೆ ಇವು ಸರಿಯಾಗಿ ಹೊಂದಿಕೊಳ್ಳುತ್ತವೆ. ಈ ಭಾಗಗಳಲ್ಲಿ ಹಲವು ಹಳೆಯವೇ. ಹೊಸದು ಒಂದೇ, ಆಟಕ್ಕಿದ್ದ ಕೊನೆಯನ್ನು ತೆಗೆದುಹಾಕಿರುವುದು.

ಕವಡೆಯಿಂದ ಕಂಪ್ಯೂಟರಿಗೆ

ಗುರಿಯತ್ತ ಹೆಜ್ಜೆಹೆಜ್ಜೆಯಾಗಿ ಸಾಗುವ, ಪ್ರತಿ ಹೆಜ್ಜೆಯನ್ನೂ ಅದೃಷ್ಟಕ್ಕೆ ಬಿಡುವ ಆಟಗಳು ಮೈಸೂರು ಸೀಮೆಗೆ ಹೊಸವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಕಡೆಯ ಜಗುಲಿಗಳಿಗೆ ಪರಿಚಿತವಾದ ಚೌಕಾಬಾರ ಅಂಥದ್ದೊಂದು. ಐದು ಸಾಲು, ಐದು ಕಂಬ ಸೇರಿ ಇಪ್ಪತ್ತೈದು ಮನೆ. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ಹೊರಸುತ್ತಿನ ಹದಿನಾರು ಮನೆ, ಒಳಸುತ್ತಿನ ಎಂಟು ಮನೆ ದಾಟಿ ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಗರ ಹಾಕಲು ನಾಲ್ಕು ಕವಡೆ. ಕವಡೆಯ ಎರಡೂ ಮಗ್ಗುಲು ಬೀಳುವ ಸಾಧ್ಯತೆ ಸಮ ಎಂದಿಟ್ಟುಕೊಂಡರೆ ನಾಲ್ಕು ಕವಡೆ ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಎರಡು ಬೀಳುವ ಬಗೆ 6, ಒಂದು ಮತ್ತು ಮೂರು ಬೀಳುವ ಬಗೆ ತಲಾ 4, ನಾಲ್ಕು ಅಂದರೆ ಚೌಕ ಬೀಳುವುದು 1, ಎಂಟು ಅಂದರೆ ಬಾರ ಬೀಳುವುದು 1. ಎಂಟು ಸಲ ಹಾಕಿದರೆ ಸರಾಸರಿ ಒಂದು ಸಲ ಚೌಕವೋ ಬಾರವೋ ಬೀಳುತ್ತದೆ, ಬಿದ್ದವರಿಗೆ ಮತ್ತೊಂದು ಗರ ಸಿಗುತ್ತದೆ. ಅಪರೂಪದ ಗರಕ್ಕೆ ದೊಡ್ಡ ಪ್ರತಿಫಲ ಎಂಬ ಸೂತ್ರ ಇಲ್ಲಿಯೇ ಇದೆ.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಆಟಗಳನ್ನು ಶಾಸ್ತ್ರದಂತೆ ಅಭ್ಯಾಸ ಮಾಡಿದ ಅರಸರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ 'ಕೌತುಕನಿಧಿ' ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳ ಚಿತ್ರಗಳಿವೆ.

ಪಾತ್ರ, ಲೆವೆಲ್, ಅನುಭವದ ಅಂಕ ಮೂರನ್ನೂ ಒಟ್ಟುಗೂಡಿಸಿದ್ದು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅವರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' 1974ರಲ್ಲಿ ಹೊರಬಂತು. ಅದು ಮೇಜಿನ ಸುತ್ತ ಕುಳಿತು, ಕತೆ ಹೇಳುತ್ತ, ದಾಳ ಉರುಳಿಸಿ ಆಡುವ ಆಟ. ಮರುವರ್ಷವೇ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಕಂಪ್ಯೂಟರುಗಳಲ್ಲಿ ವಿದ್ಯಾರ್ಥಿಗಳು ಅದರ ನಕಲುಗಳನ್ನು ಬರೆದರು. ಜಪಾನಿನಲ್ಲಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಬಂದು ಮನೆಮನೆಗೆ ಮುಟ್ಟಿತು. 1990ರ ದಶಕದ ಕೊನೆಯಲ್ಲಿ ಇಂಟರ್ನೆಟ್ ಮೂಲಕ ಸಾವಿರಾರು ಜನ ಒಂದೇ ಲೋಕದಲ್ಲಿ ಆಡುವ ಆಟಗಳು ಶುರುವಾದವು. 2001ರ 'ರೂನ್‌ಸ್ಕೇಪ್', 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆ ಸಾಲಿಗೆ ಸೇರಿದವು.

ಕ್ವೆಸ್ಟಿನ ಅಚ್ಚು

ನೂರಾರು ಗಂಟೆಯ ಆಟಕ್ಕೆ ಸಾವಿರಾರು ಕ್ವೆಸ್ಟ್ ಬೇಕು. ಪ್ರತಿಯೊಂದಕ್ಕೂ ಹೊಸ ಕತೆ ಬರೆಯುವುದು ಯಾವ ತಂಡಕ್ಕೂ ಆಗದ ಮಾತು. ಹಾಗಾಗಿ ತಯಾರಕರು ಅಚ್ಚುಗಳನ್ನು ಮಾಡಿಟ್ಟುಕೊಳ್ಳುತ್ತಾರೆ. ಕೊಲ್ಲು, ತಾ, ಮುಟ್ಟಿಸು, ಕಾವಲಿರು ಎಂಬ ನಾಲ್ಕೇ ಅಚ್ಚಿನಿಂದ ಬಹುಪಾಲು ಕ್ವೆಸ್ಟ್‌ಗಳು ಹುಟ್ಟುತ್ತವೆ. ಪ್ರತಿ ಅಚ್ಚಿನಲ್ಲೂ ಖಾಲಿ ಜಾಗಗಳಿರುತ್ತವೆ: ಯಾವ ಪ್ರಾಣಿ, ಎಷ್ಟು, ಎಲ್ಲಿ, ಪ್ರತಿಫಲವೇನು. ಪ್ರೋಗ್ರಾಂ ಆ ಜಾಗಗಳನ್ನು ಪಟ್ಟಿಯಿಂದ ತುಂಬುತ್ತದೆ. 2011ರ 'ಸ್ಕೈರಿಮ್' ಆಟದಲ್ಲಿ ಇಂಥ ಒಂದು ವ್ಯವಸ್ಥೆ, ಆಟಗಾರ ಇನ್ನೂ ಕಾಲಿಡದ ಗುಹೆಯನ್ನು ಆರಿಸಿ ಹೊಸ ಕೆಲಸ ಕೊಡುತ್ತದೆ. ಆ ಬಗೆಯ ಕೆಲಸಗಳಿಗೆ ಅಂತ್ಯವಿಲ್ಲ. ಹತ್ತು ತೋಳ ಕೊಂದದ್ದಾಯಿತೇ ಎಂದು ನೋಡಲು ಯಂತ್ರಕ್ಕೆ ಬೇಕಾದದ್ದು ಒಂದು ಎಣಿಕೆ ಮಾತ್ರ. ಪ್ರತಿ ತೋಳ ಸತ್ತಾಗಲೂ ಎಣಿಕೆ ಒಂದು ಏರುತ್ತದೆ, ಹತ್ತು ಮುಟ್ಟಿದೊಡನೆ ಪ್ರತಿಫಲದ ಬಾಗಿಲು ತೆರೆಯುತ್ತದೆ.

ಈ ಎಣಿಕೆ ಆಟಗಾರನ ಕಣ್ಣೆದುರಿಗೇ ಇರುತ್ತದೆ ಎಂಬುದು ಮುಖ್ಯ. ಹುಣಸೂರು, ಪಿರಿಯಾಪಟ್ಟಣದ ಹೊಲದಲ್ಲಿ ಮುಂಗಾರಿಗೆ ನೆಟ್ಟ ಹೊಗೆಸೊಪ್ಪನ್ನು ಮುರಿದು, ಬ್ಯಾರನ್ ಎಂಬ ಹದಮಾಡುವ ಮನೆಗೆ ಏರಿಸಿ, ಹಗಲೂ ರಾತ್ರಿ ಬೆಂಕಿ ಕಾದು ಹದ ಮಾಡಿ, ಹರಾಜು ಮಾರುಕಟ್ಟೆಗೆ ಒಯ್ಯಲು ತಿಂಗಳುಗಳೇ ಬೇಕು. ಪಟ್ಟ ಪಾಡಿಗೆ ತಕ್ಕ ಬೆಲೆ ಬಂತೋ ಇಲ್ಲವೋ ತಿಳಿಯುವುದು ಕೊನೆಯ ದಿನ. ಆಟದಲ್ಲಿ ಅದೇ ಬಗೆಯ ದುಡಿಮೆಗೆ ಫಲ ಕೆಲವೇ ನಿಮಿಷದಲ್ಲಿ, ಮೊದಲೇ ಹೇಳಿದ ಲೆಕ್ಕದಂತೆ, ತಪ್ಪದೆ ಸಿಗುತ್ತದೆ. ಮನುಷ್ಯನ ಮನಸ್ಸಿಗೆ ಇದು ದೊಡ್ಡ ನೆಮ್ಮದಿ. 2006ರಲ್ಲಿ ರಿಚರ್ಡ್ ರಯಾನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಆಟದ ಸಂತೋಷವನ್ನು ಮೂರು ಅಗತ್ಯಗಳಿಗೆ ಜೋಡಿಸಿದವು: ತನ್ನಿಂದ ಆಗುತ್ತದೆ ಎಂಬ ಭಾವ, ತಾನೇ ಆರಿಸಿಕೊಂಡೆ ಎಂಬ ಭಾವ, ಜೊತೆಗೆ ಜನರಿದ್ದಾರೆ ಎಂಬ ಭಾವ. ಒಳ್ಳೆಯ ಆಟ ಮೂರನ್ನೂ ಕೊಡುತ್ತದೆ.

ಏರುತ್ತ ಹೋಗುವ ಗುರಿ

ಎರಡನೆಯ ಭಾಗ ಲೆವೆಲ್‌ಗಳ ಏರು. ಮೊದಲ ಲೆವೆಲ್‌ಗಳು ನಿಮಿಷಗಳಲ್ಲಿ ಸಿಗುತ್ತವೆ, ಕೊನೆಯವಕ್ಕೆ ವಾರಗಳು ಬೇಕು. 'ರೂನ್‌ಸ್ಕೇಪ್'ನಲ್ಲಿ ಮರ ಕಡಿಯುವುದು, ಮೀನು ಹಿಡಿಯುವುದು, ಅದಿರು ಅಗೆಯುವುದು ಮುಂತಾದ ಕಸುಬುಗಳಿವೆ. ಒಂದು ಕಸುಬಿನಲ್ಲಿ 2ನೇ ಲೆವೆಲ್‌ಗೆ 83 ಅಂಕ ಸಾಕು. 99ನೇ ಲೆವೆಲ್‌ಗೆ ಬೇಕಾದದ್ದು 1,30,34,431 ಅಂಕ. ಏಳು ಲೆವೆಲ್ ಏರುವಷ್ಟರಲ್ಲಿ ಬೇಕಾದ ಅಂಕ ಸುಮಾರು ಇಮ್ಮಡಿಯಾಗುತ್ತ ಹೋಗುವುದರಿಂದ, 92ನೇ ಲೆವೆಲ್ ಮುಟ್ಟಿದವರು 65,17,253 ಅಂಕ ಗಳಿಸಿರುತ್ತಾರೆ, ಅಂದರೆ ದಾರಿಯ ಅರ್ಧ ಮಾತ್ರ ಸವೆದಿರುತ್ತದೆ. ಸಂಖ್ಯೆ ನೋಡಿದರೆ ತುದಿ ಹತ್ತಿರ ಕಾಣುತ್ತದೆ, ಲೆಕ್ಕ ಹಾಕಿದರೆ ಅಷ್ಟೇ ದೂರ ಉಳಿದಿರುತ್ತದೆ. ಆದರೆ ಪಾತ್ರವೂ ಬಲಗೊಂಡಿರುವುದರಿಂದ ಅಂಕ ಬೇಗ ಬೇಗ ಸೇರುತ್ತದೆ. ಹೀಗಾಗಿ ಕೆಲಸ ತೀರಾ ಸುಲಭವೂ ಆಗದೆ, ಕೈಮೀರಿಯೂ ಹೋಗದೆ ನಡುವೆ ನಿಲ್ಲುತ್ತದೆ.

ಅಂಕವನ್ನು ಹೇಗೆ ತೋರಿಸುತ್ತಾರೆ ಎಂಬುದೂ ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ತಯಾರಾಗುತ್ತಿದ್ದಾಗ, ಬಹಳ ಹೊತ್ತು ಆಡಿದವರ ಅಂಕವನ್ನು ಅರ್ಧಕ್ಕೆ ಇಳಿಸುವ ನಿಯಮ ಇತ್ತು. ಪರೀಕ್ಷೆಗೆ ಆಡಿದವರು ಸಿಟ್ಟಾದರು. ತಯಾರಕರು ಲೆಕ್ಕವನ್ನು ಹಾಗೆಯೇ ಇಟ್ಟು ಹೆಸರು ತಿರುಗಿಸಿದರು: ಅರ್ಧವಾದದ್ದು ಮಾಮೂಲಿ ಅಂಕವಾಯಿತು, ಮೊದಲಿನ ಪೂರ್ತಿ ಅಂಕ ವಿಶ್ರಾಂತಿ ತೆಗೆದುಕೊಂಡು ಬಂದವರಿಗೆ ಸಿಗುವ ಇಮ್ಮಡಿ ಬಹುಮಾನವಾಯಿತು. ಅದೇ ಆಟಗಾರರು ಅದನ್ನು ಮೆಚ್ಚಿದರು.

ಅದೃಷ್ಟದ ಲೆಕ್ಕ

ಮೂರನೆಯ ಭಾಗವೇ ಎಲ್ಲಕ್ಕಿಂತ ಬಲವಾದದ್ದು. ಸತ್ತ ಪ್ರಾಣಿಯಿಂದ ಅಪರೂಪದ ವಸ್ತು ಸಿಗುತ್ತದೋ ಇಲ್ಲವೋ ಎಂಬುದನ್ನು ಪ್ರೋಗ್ರಾಂ ಪ್ರತಿ ಸಲವೂ ಒಂದು ಸಂಖ್ಯೆ ಎತ್ತಿ ತೀರ್ಮಾನಿಸುತ್ತದೆ. ಕಂಪ್ಯೂಟರ್ ಲೆಕ್ಕದಂತೆ ನಡೆಯುವ ಯಂತ್ರ. ಅದಕ್ಕೆ ಕವಡೆಯ ಹಾಗೆ ತಾನಾಗಿ ಉರುಳಲು ಬಾರದು. ಆದ್ದರಿಂದ ಒಂದು ಬೀಜಸಂಖ್ಯೆಯಿಂದ ಶುರುಮಾಡಿ, ಅದನ್ನು ಗುಣಿಸಿ, ಕೂಡಿಸಿ, ಭಾಗಿಸಿ ಉಳಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳುವುದು ಒಂದು ಹಳೆಯ ವಿಧಾನ. ಜಪಾನಿನ ಮಕೊಟೊ ಮಾತ್ಸುಮೊಟೊ ಮತ್ತು ತಕುಜಿ ನಿಶಿಮುರಾ 1990ರ ದಶಕದ ಕೊನೆಯಲ್ಲಿ ರೂಪಿಸಿದ 'ಮರ್ಸೆನ್ ಟ್ವಿಸ್ಟರ್' ವಿಧಾನದಲ್ಲಿ ಸಂಖ್ಯೆಗಳ ಸಾಲು ಮತ್ತೆ ಮೊದಲಿನಿಂದ ಶುರುವಾಗುವ ಮೊದಲು ಬರುವ ಸಂಖ್ಯೆಗಳನ್ನು ಎಣಿಸಿದರೆ, ಆ ಎಣಿಕೆಯೇ ಆರು ಸಾವಿರಕ್ಕೂ ಹೆಚ್ಚು ಅಂಕೆಗಳಷ್ಟು ಉದ್ದ. ಆಟಗಾರನ ಪಾಲಿಗೆ ಅದು ನಿಜವಾದ ಅದೃಷ್ಟದಷ್ಟೇ ಅನಿಶ್ಚಿತ.

ನೂರಕ್ಕೆ ಒಂದು ಸಲ ಸಿಗುವ ಕತ್ತಿ ಇದೆ ಎನ್ನೋಣ. ನೂರು ಸಲ ಪ್ರಯತ್ನಿಸಿದರೆ ಸಿಕ್ಕೇ ಸಿಗುತ್ತದೆ ಎಂದು ಅನಿಸುವುದು ಸಹಜ. ಗಣಿತ ಬೇರೆಯದನ್ನೇ ಹೇಳುತ್ತದೆ. ನೂರು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಸುಮಾರು 63 ಜನರಿಗೆ ಕತ್ತಿ ಸಿಕ್ಕಿರುತ್ತದೆ, 37 ಜನ ಬರಿಗೈ. ಮುನ್ನೂರು ಸಲ ಪ್ರಯತ್ನಿಸಿದ ಮೇಲೂ ನೂರರಲ್ಲಿ ಐವರಿಗೆ ಸಿಕ್ಕಿರುವುದಿಲ್ಲ. ಹಿಂದಿನ ಸೋಲುಗಳನ್ನು ಯಂತ್ರ ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸಲವೂ ಅವಕಾಶ ನೂರರಲ್ಲಿ ಒಂದೇ. ಇಷ್ಟು ಸತಾಯಿಸಿದರೆ ಜನ ಬಿಟ್ಟುಹೋಗುತ್ತಾರೆಂದು ಕೆಲವು ಆಟಗಳು ಒಂದು ಮಿತಿ ಹಾಕುತ್ತವೆ. ಚೀನಾದ ಮಿಹೊಯೊ ಕಂಪನಿ 2020ರಲ್ಲಿ ಹೊರತಂದ 'ಗೆನ್‌ಶಿನ್ ಇಂಪ್ಯಾಕ್ಟ್'ನಲ್ಲಿ ಅತ್ಯುತ್ತಮ ಪಾತ್ರ ಸಿಗುವ ಮೂಲ ಸಾಧ್ಯತೆ ಶೇ 0.6. ಆದರೆ 90ನೇ ಪ್ರಯತ್ನಕ್ಕೆ ಆ ದರ್ಜೆಯದೊಂದು ಖಚಿತ.

ಮಿದುಳಿನ ಪಾಲು

ಈ ಲೆಕ್ಕ ಯಾಕೆ ಹಿಡಿದಿಡುತ್ತದೆ ಎಂಬುದು ಆಟಗಳಿಗಿಂತ ಮೊದಲೇ ತಿಳಿದಿತ್ತು. ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ.ಎಫ್.ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1957ರಲ್ಲಿ ಪ್ರಕಟಿಸಿದರು. ನಿಗದಿತ ಸಂಖ್ಯೆಯ ಕುಟುಕಿಗೆ ಕಾಳು ಸಿಗುವಂತಿದ್ದರೆ, ಕಾಳು ತಿಂದ ಪಾರಿವಾಳ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಶುರುಮಾಡುತ್ತಿತ್ತು. ಎಷ್ಟನೆಯ ಕುಟುಕಿಗೆ ಕಾಳು ಎಂಬುದು ಗೊತ್ತಿಲ್ಲದಿದ್ದಾಗ ಅದು ನಿಲ್ಲದೆ ಕುಟುಕುತ್ತಿತ್ತು. ಕಾಳು ಕೊಡುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಟುಕುತ್ತಲೇ ಇರುತ್ತಿತ್ತು. ಆರ್‌ಪಿಜಿ ಎರಡನ್ನೂ ಒಂದರ ಮೇಲೊಂದು ಹೆಣೆಯುತ್ತದೆ. ಹತ್ತು ತೋಳದ ಕ್ವೆಸ್ಟ್ ನಿಗದಿತ ಪ್ರತಿಫಲ, ತೋಳದಿಂದ ಬೀಳುವ ವಸ್ತು ಅನಿಶ್ಚಿತ ಪ್ರತಿಫಲ. ಒಂದು ತಣಿದು ನಿಲ್ಲುವ ಕ್ಷಣದಲ್ಲಿ ಇನ್ನೊಂದು ಎಳೆಯುತ್ತದೆ.

ಮಿದುಳಿನೊಳಗೆ ಇದರ ಗುರುತು ಸಿಕ್ಕಿದ್ದು ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರ ಕೆಲಸದಿಂದ. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳು ಚುರುಕಾಗುತ್ತಿದ್ದವು. ರಸ ಬರುವ ಮೊದಲು ಸೂಚನೆ ಸಿಗುವುದನ್ನು ಕೋತಿ ಕಲಿತ ಮೇಲೆ ಆ ಚುರುಕು ರಸದಿಂದ ಸೂಚನೆಯತ್ತ ಸರಿಯಿತು. ಸೂಚನೆ ಬಂದೂ ರಸ ಬಾರದಿದ್ದರೆ ಕೋಶಗಳು ಮಂಕಾದವು. 1997ರಲ್ಲಿ ಪ್ರಕಟವಾದ ಈ ವಿವರಣೆಯ ಪ್ರಕಾರ, ಡೋಪಮಿನ್ ತಿಳಿಸುವುದು ಸುಖದ ಪ್ರಮಾಣವನ್ನಲ್ಲ, ನಿರೀಕ್ಷೆಗೂ ಸಿಕ್ಕದ್ದಕ್ಕೂ ಇರುವ ವ್ಯತ್ಯಾಸವನ್ನು. ಮರುವರ್ಷ ಲಂಡನ್ನಿನ ಸಂಶೋಧಕರು ಎಂಟು ಜನ ವಿಡಿಯೊ ಆಟ ಆಡುತ್ತಿದ್ದಾಗ ಮಿದುಳಿನ ಚಿತ್ರ ತೆಗೆದು, ಆಟದ ವೇಳೆ ಡೋಪಮಿನ್ ಬಿಡುಗಡೆಯಾಗುವುದನ್ನು ತೋರಿಸಿದರು. ಇದು ರೋಗದ ಲಕ್ಷಣವಲ್ಲ, ಕಲಿಕೆಯ ಮಾಮೂಲಿ ಪ್ರಕ್ರಿಯೆ. ಎಂದೂ ಪೂರ್ತಿ ಊಹಿಸಲಾಗದ ಪ್ರತಿಫಲದಿಂದಾಗಿ ಆ ಕಲಿಕೆ ಮುಗಿಯುವುದೇ ಇಲ್ಲ.

ಮೊಬೈಲ್‌ಗೆ ಬಂದ ಮೇಲೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದಂಥ ತಾಲ್ಲೂಕುಗಳ ಹಳ್ಳಿಗಳಿಗೆ ಈ ಆಟಗಳು ಬಂದದ್ದು ಹೆಚ್ಚಾಗಿ ಮೊಬೈಲ್ ಮೂಲಕ, ಅದರಲ್ಲೂ 2016ರ ನಂತರ ಡೇಟಾ ಅಗ್ಗವಾದ ಮೇಲೆ. ಶುದ್ಧ ಆರ್‌ಪಿಜಿಗಿಂತ ಗುಂಡು ಹಾರಿಸುವ 'ಬಿಜಿಎಂಐ', 'ಫ್ರೀ ಫೈರ್ ಮ್ಯಾಕ್ಸ್' ನಮ್ಮಲ್ಲಿ ಹೆಚ್ಚು ಪರಿಚಿತ. ಆದರೆ ಅವುಗಳೊಳಗೂ ಆರ್‌ಪಿಜಿಯ ಅಂಗಗಳನ್ನು ಕೂರಿಸಲಾಗಿದೆ: ದಿನದ ಮಿಷನ್, ಲೆವೆಲ್, ರ‍್ಯಾಂಕ್, ಒಳಗೇನಿದೆ ಎಂದು ತೆರೆಯುವವರೆಗೂ ತಿಳಿಯದ ಅದೃಷ್ಟದ ಪೆಟ್ಟಿಗೆ. ಇಂಥ ಆಟಗಳಲ್ಲಿ ಪಾತ್ರದ ಅಂಕ, ಆಯುಧಗಳ ದಾಖಲೆ ಫೋನಿನಲ್ಲಿ ಇರುವುದಿಲ್ಲ, ಕಂಪನಿಯ ಸರ್ವರ್‌ನಲ್ಲಿರುತ್ತದೆ. ಫೋನು ಬೆರಳಿನ ಆಜ್ಞೆಯನ್ನು ಕಳಿಸುತ್ತದೆ, ಸರ್ವರ್ ತೀರ್ಪು ಹೇಳುತ್ತದೆ. ಎಚ್.ಡಿ.ಕೋಟೆಯ ಕಾಡಂಚಿನಂತೆ ಸಿಗ್ನಲ್ ಕ್ಷೀಣವಾಗಿರುವಲ್ಲಿ ಆಜ್ಞೆ ತಡವಾಗಿ ತಲುಪಿ, ಪರದೆಯ ಮೇಲೆ ಹೊಡೆದಂತೆ ಕಂಡ ಏಟು ಲೆಕ್ಕಕ್ಕೆ ಬಾರದೇ ಹೋಗುವುದು ಇದರಿಂದಲೇ.

ದಾಖಲೆ ಸರ್ವರ್‌ನಲ್ಲಿದ್ದ ಮೇಲೆ ಆಟವನ್ನು ಮುಗಿಸುವ ಅಗತ್ಯ ಕಂಪನಿಗೆ ಉಳಿಯಲಿಲ್ಲ. ಚೌಕಾಬಾರದಲ್ಲಿ ನಾಲ್ಕೂ ಕಾಯಿ ಹಣ್ಣಾದರೆ ಗೆದ್ದವರು ಯಾರೆಂದು ತಿಳಿದು ಆಟ ಮುಗಿಯುತ್ತದೆ. 'ಡ್ರ್ಯಾಗನ್ ಕ್ವೆಸ್ಟ್'ನಲ್ಲೂ ಕೊನೆಯ ವೈರಿಯನ್ನು ಸೋಲಿಸಿದರೆ ಕತೆ ಮುಗಿಯಿತು. ಸರ್ವರ್‌ನ ಆಟಕ್ಕೆ ಪ್ರತಿ ತಿಂಗಳೂ ಹೊಸ ಲೆವೆಲ್, ಹೊಸ ಪೆಟ್ಟಿಗೆ ಸೇರುತ್ತದೆ. ದಿನದ ಕ್ವೆಸ್ಟ್ ತಪ್ಪಿಸಿದವರು ಹಿಂದೆ ಬೀಳುತ್ತಾರೆ. ಬೇಗ ಮುಂದೆ ಹೋಗಬೇಕೆನ್ನುವವರಿಗೆ ಹಣ ಕೊಡುವ ದಾರಿ ಪಕ್ಕದಲ್ಲೇ ಇರುತ್ತದೆ. ಕೆಲವು ದೇಶಗಳು ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಚೀನಾ 2017ರಿಂದ ಪೆಟ್ಟಿಗೆಯ ಸಾಧ್ಯತೆಗಳನ್ನು ಬಹಿರಂಗಪಡಿಸಬೇಕೆಂದಿತು. ಬೆಲ್ಜಿಯಂ 2018ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿಗೆ ಒಳಪಡಿಸಿತು.

ಹದ ತಪ್ಪಿದಾಗ

ಆಡುವವರಲ್ಲಿ ಹೆಚ್ಚಿನವರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಕೆಲವರಿಗೆ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಎಷ್ಟು ಗಂಟೆ ಆಡಿದರು ಎಂಬುದು ಅದರ ಅಳತೆಯಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೊದಲಾಗುವುದು, ಓದು, ನಿದ್ದೆ, ಸಂಬಂಧಗಳಿಗೆ ಪೆಟ್ಟು ಬಿದ್ದರೂ ಬಿಡಲಾಗದಿರುವುದು ಅದರ ಮೂರು ಲಕ್ಷಣ. ಸಾಮಾನ್ಯವಾಗಿ ಹನ್ನೆರಡು ತಿಂಗಳು ಇವು ಕಂಡರೆ ರೋಗವೆಂದು ಪರಿಗಣಿಸುತ್ತಾರೆ. ಇಂಥ ತೊಂದರೆಗಳಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಷಟ್' ಕ್ಲಿನಿಕ್ ತೆರೆಯಿತು. ದೂರದ ಹಳ್ಳಿಯವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತನಾಡಬಹುದು.

ರೋಗದ ಹಂತ ಮುಟ್ಟದ ಮನೆಗಳಲ್ಲಿ ಯಂತ್ರದ ತಿಳಿವಳಿಕೆಯೇ ಬಹುಮಟ್ಟಿಗೆ ಸಾಕು. ಕ್ವೆಸ್ಟ್‌ನ ನಡುವೆ ಫೋನು ಕಿತ್ತುಕೊಂಡರೆ ಮಕ್ಕಳು ಸಿಡುಕುತ್ತಾರೆ, ಎಣಿಕೆ ತುಂಬಿದ ಮೇಲೆ ನಿಲ್ಲಿಸುವುದು ಸುಲಭ. ದಿನದ ಕ್ವೆಸ್ಟ್ ನೆನಪಿಸುವ ನೋಟಿಫಿಕೇಶನ್ ಆಫ್ ಮಾಡಿದರೆ ಸೂಚನೆಯ ಎಳೆತ ತಗ್ಗುತ್ತದೆ. ಮನೆಯವರ ಯುಪಿಐ, ಕಾರ್ಡುಗಳನ್ನು ಆಟಕ್ಕೆ ಜೋಡಿಸದಿದ್ದರೆ ಪೆಟ್ಟಿಗೆಗೆ ಹಣ ಸೋರುವುದಿಲ್ಲ. ಕತೆಯೊಂದು ಮುಗಿಯುವ ಆರ್‌ಪಿಜಿಗಳೂ ಬೇಕಾದಷ್ಟಿವೆ, ಅವುಗಳಲ್ಲಿ ಏಕತಾನದ ದುಡಿಮೆಯೂ ಒಂದು ಗುರಿಗೆ ಒಯ್ಯುತ್ತದೆ. ಸರ್ವರ್‌ನ ಆಟ ಆರಿಸಿಕೊಂಡವರಾದರೋ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆಡಲು ಕೂರುವ ಮೊದಲೇ ತಾವೇ ತೀರ್ಮಾನಿಸಿಕೊಳ್ಳಬೇಕು.