ಸ್ಕಿಜೋಫ್ರೇನಿಯಾ: ಬತ್ತಿದ ಉತ್ಸಾಹವೂ ಕಾಯಿಲೆಯ ಲಕ್ಷಣವೇ

ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಹೆಸರು ಕೇಳಿದೊಡನೆ ತನ್ನಷ್ಟಕ್ಕೆ ಮಾತನಾಡಿಕೊಳ್ಳುವ, ಇಲ್ಲದ ಧ್ವನಿಗಳಿಗೆ ಕಿವಿಗೊಡುವ, ಕಾರಣವಿಲ್ಲದೆ ಎಲ್ಲರನ್ನೂ ಸಂಶಯಿಸುವ ವ್ಯಕ್ತಿಯ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಇವು ಈ ಕಾಯಿಲೆಯ ಎದ್ದು ಕಾಣುವ ಲಕ್ಷಣಗಳು. ಆದರೆ ರೋಗಿಯ ಬದುಕನ್ನು ಬಹುಕಾಲ ಕುಗ್ಗಿಸುವ ಇನ್ನೊಂದು ಬಗೆಯ ಲಕ್ಷಣಗಳು ಸದ್ದಿಲ್ಲದೆ ಬರುತ್ತವೆ. ಅವನ್ನು ಮನೆಯವರು ಕಾಯಿಲೆಯೆಂದು ಗುರುತಿಸುವುದು ಅಪರೂಪ. ಸೋಮಾರಿತನ, ಮೊಂಡುತನ ಎಂದೇ ಭಾವಿಸುತ್ತಾರೆ.

ಈ ಕಾಯಿಲೆಗೆ ಇಂದಿನ ಹೆಸರನ್ನು 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿದ್ದಾರೆಂಬುದು ಇದರ ಅರ್ಥವಲ್ಲ; ಆಲೋಚನೆ, ಭಾವನೆಗಳ ನಡುವಿನ ಹೊಂದಿಕೆ ಒಡೆದಿದೆ ಎಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆಯಿದೆ. ಓದು ಮುಗಿಸಿ ದುಡಿಮೆಗೆ ನಿಲ್ಲಬೇಕಾದ ಹರೆಯದಲ್ಲಿಯೇ ಇದು ಹೆಚ್ಚಾಗಿ ತಲೆದೋರುತ್ತದೆ.

ಸದ್ದಿಲ್ಲದ ಈ ಲಕ್ಷಣಗಳನ್ನು ವೈದ್ಯರು ‘ಋಣಾತ್ಮಕ ಲಕ್ಷಣಗಳು’ ಎನ್ನುತ್ತಾರೆ. ಕೆಟ್ಟವು ಎಂದು ಇದರ ಅರ್ಥವಲ್ಲ. ಇರಬೇಕಾದದ್ದು ಕಳೆದುಹೋಗಿದೆ ಎಂದು ತಿಳಿಯಬೇಕು. ಇವು ಮುಖ್ಯವಾಗಿ ಐದು:

1. ಯಾವುದೇ ಕೆಲಸವನ್ನು ಆರಂಭಿಸುವ, ಮುಂದುವರಿಸುವ ಸಂಕಲ್ಪಶಕ್ತಿ ಕುಂದುವುದು.
2. ಸಂತೋಷದ ನಿರೀಕ್ಷೆ, ಅನುಭವ ಕಡಿಮೆಯಾಗುವುದು.
3. ಬಂಧುಮಿತ್ರರ ಒಡನಾಟದಲ್ಲಿ ಆಸಕ್ತಿ ಇಲ್ಲದಾಗುವುದು.
4. ಮಾತು ಒಂದೆರಡು ಪದಗಳಿಗೆ ಇಳಿಯುವುದು.
5. ಮುಖದಲ್ಲಿ, ಧ್ವನಿಯಲ್ಲಿ ಭಾವನೆಗಳು ಕಾಣದಾಗುವುದು.

ಐದನೆಯದನ್ನು ಕುರಿತು ಒಂದು ಮಾತು. ಮುಖದಲ್ಲಿ ಭಾವನೆ ಕಾಣದಿದ್ದರೆ ಒಳಗೂ ಇಲ್ಲವೆಂದು ತಿಳಿಯಬಾರದು. ಗದರಿದರೆ ಇವರಿಗೂ ನೋವಾಗುತ್ತದೆ. ಅದನ್ನು ತೋರಿಸಲಾರರು, ಅಷ್ಟೆ.

ಸಂತೋಷದ ವಿಷಯವೂ ಹೀಗೆಯೇ. ಹಬ್ಬದ ದಿನ ಹೋಳಿಗೆಯನ್ನು ತಟ್ಟೆಗೆ ಬಡಿಸಿದರೆ ರೋಗಿ ಅದನ್ನು ಸವಿಯಬಲ್ಲ. ಆದರೆ ‘ನಾಳೆ ಹಬ್ಬ’ ಎಂಬ ಹಿಂದಿನ ದಿನದ ಸಂಭ್ರಮ ಅವನಲ್ಲಿ ಹುಟ್ಟುವುದು ಕಡಿಮೆ. ಮುಂದೆ ದೊರೆಯುವ ಸುಖದ ನಿರೀಕ್ಷೆಯೇ ನಮ್ಮನ್ನು ಕೆಲಸಕ್ಕೆ ಎಬ್ಬಿಸುವ ಶಕ್ತಿ. ಆ ನಿರೀಕ್ಷೆ ಮಂಕಾದಾಗ ಹಾಸಿಗೆ ಬಿಟ್ಟೇಳುವುದು, ಸ್ನಾನ ಮಾಡುವುದು, ಬಟ್ಟೆ ಬದಲಿಸುವುದು ಕೂಡ ಭಾರವಾಗುತ್ತದೆ. ಇದರ ಜೊತೆಗೆ ಗಮನ, ನೆನಪು, ಯೋಜನಾಶಕ್ತಿಗಳೂ ಕುಂದುವುದರಿಂದ ಸಂತೆಗೆ ಹೋಗಿ ನಾಲ್ಕು ಸಾಮಾನು ತರುವುದು, ಹಣದ ಲೆಕ್ಕವಿಡುವುದು ಕಷ್ಟವಾಗುತ್ತದೆ.

ಕಾಯಕಕ್ಕೆ ಹಿರಿಮೆ ಕೊಟ್ಟ ಸಮಾಜ ನಮ್ಮದು. ದುಡಿಯಲೊಲ್ಲದವನನ್ನು ಅದು ಒಪ್ಪುವುದಿಲ್ಲ. ಆದರೆ ದುಡಿಯಲಾರದವನನ್ನು ದುಡಿಯಲೊಲ್ಲದವನೆಂದು ಎಣಿಸುವುದು ಅನ್ಯಾಯ.

ಔಷಧಿಗಳು ಭ್ರಮೆ, ಸಂಶಯಗಳನ್ನು ಚೆನ್ನಾಗಿ ತಗ್ಗಿಸುತ್ತವೆ; ಋಣಾತ್ಮಕ ಲಕ್ಷಣಗಳ ಮೇಲೆ ಅವುಗಳ ಪರಿಣಾಮ ಕಡಿಮೆ. ಆದ್ದರಿಂದಲೇ ‘ಧ್ವನಿ ಕೇಳುವುದು ನಿಂತಿತಲ್ಲ, ಇನ್ನೇಕೆ ಕೆಲಸಕ್ಕೆ ಹೋಗುತ್ತಿಲ್ಲ?’ ಎಂಬ ಪ್ರಶ್ನೆ ಮನೆಗಳಲ್ಲಿ ಏಳುತ್ತದೆ. ಕೆಲವೊಮ್ಮೆ ಖಿನ್ನತೆಯಿಂದ ಅಥವಾ ಔಷಧಿಯ ಅಡ್ಡಪರಿಣಾಮದಿಂದಲೂ ಮಂಕು ಕವಿದಿರಬಹುದು. ಇದನ್ನು ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನು ಅಥವಾ ಔಷಧಿಯನ್ನು ಬದಲಿಸಬಲ್ಲರು. ನಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕಾಯಿಲೆ ಮರುಕಳಿಸುತ್ತದೆ.

ಮನೆಯ ವಾತಾವರಣವೂ ಚಿಕಿತ್ಸೆಯ ಭಾಗವೇ. ಸದಾ ಟೀಕೆ, ಹಗೆತನ, ಅತಿಯಾದ ಕಾವಲು ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಸಂಶೋಧನೆಗಳು ತೋರಿಸಿವೆ. ‘ಏನಾದರೂ ಮಾಡು’ ಎನ್ನುವುದಕ್ಕಿಂತ ‘ಬಾ, ಇಬ್ಬರೂ ಗಿಡಗಳಿಗೆ ನೀರು ಹಾಕೋಣ’ ಎನ್ನುವುದು ಫಲಕಾರಿ. ದಿನಕ್ಕೊಂದು ಸಣ್ಣ ಕೆಲಸ, ಅದಕ್ಕೊಂದು ನಿಗದಿತ ಹೊತ್ತು, ಮುಗಿಸಿದಾಗ ಒಂದು ಮೆಚ್ಚುಗೆಯ ಮಾತು ಸಾಕು. ಒಂದು ಕೆಲಸ ರೂಢಿಯಾದ ಮೇಲೆ ಇನ್ನೊಂದನ್ನು ಸೇರಿಸಬಹುದು. ಅವನಿಗಾಗಿ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಉಳಿದ ಶಕ್ತಿಯೂ ಬಳಕೆಯಿಲ್ಲದೆ ಕುಂದುತ್ತದೆ.

ಮದುವೆ ಮಾಡಿದರೆ ಸರಿಹೋಗುತ್ತಾನೆ ಅಥವಾ ಸರಿಹೋಗುತ್ತಾಳೆ ಎಂಬ ನಂಬಿಕೆ ಇನ್ನೂ ನಮ್ಮಲ್ಲಿದೆ. ಮದುವೆ ಈ ಕಾಯಿಲೆಗೆ ಔಷಧಿಯಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಮಾಡುವ ಮದುವೆಯಲ್ಲಿ ಇಬ್ಬರ ಬದುಕೂ ಸಂಕಟಕ್ಕೀಡಾಗುತ್ತದೆ.

ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಿ ಸಲಹೆ ಪಡೆಯಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿದೆ, ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವವರು ಪ್ರಮಾಣಪತ್ರ ಪಡೆದು ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು.

ನಮ್ಮ ಮನೆಯಲ್ಲೋ ನೆರೆಯಲ್ಲೋ ಚುರುಕಾಗಿದ್ದ ಯುವಕ ಅಥವಾ ಯುವತಿ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಬರದಿದ್ದರೆ ಬೈಯುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯೋಣ. ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಚೇತರಿಕೆಯ ಸಾಧ್ಯತೆ ಅಷ್ಟು ಹೆಚ್ಚು.