ಹೊಳಲು: ನಾಲೆ ಏರಿಯಿಂದ ತೋಳದ ಕಾಡಿನವರೆಗೆ

ಹೊಳಲಿನಲ್ಲಿ ಕಾಡು ಎಲ್ಲಿದೆ ಎಂದು ಕೇಳಿದರೆ ಊರಿನವರು ನಕ್ಕುಬಿಡುತ್ತಾರೆ. ಮಂಡ್ಯದ ಮಗ್ಗುಲಲ್ಲಿರುವ ಈ ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಕಬ್ಬು, ಭತ್ತ, ನಡುನಡುವೆ ತೆಂಗು. ಕೆ.ಆರ್. ಪೇಟೆ ಹತ್ತಿರ ಹೊಯ್ಸಳರ ಗುಡಿ ಇರುವ ಹೊಸಹೊಳಲು ಬೇರೆ, ಇದು ಬೇರೆ. ಮಂಡ್ಯ ಪೇಟೆಯವರಿಗೆ ಹೊಳಲು ಎಂದರೆ ಮೊದಲು ನೆನಪಾಗುವುದು ಹೊಳಲು ಸರ್ಕಲ್, ಆಮೇಲೆ ಊರು. ಪ್ರವಾಸಿಗರ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಆದರೂ ಗುಡ್ಡಗಾಡಿನ ಗೇರ್ ಸೈಕಲ್ ಇಟ್ಟುಕೊಂಡ ನಾವು ನಾಲ್ಕೈದು ಗೆಳೆಯರು ಮೇಲುಕೋಟೆಯ ಕುರುಚಲು ಕಾಡಿಗೆ ಹೋಗಬೇಕೆಂದರೆ ಹೊರಡುವುದು ಇಲ್ಲಿಂದಲೇ. ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ನೇರ ಬೆಟ್ಟದ ಬುಡದಲ್ಲಿ ಇಳಿಯುವವರಿಗೆ ಈ ಜಿಲ್ಲೆ ಅರ್ಧವಷ್ಟೇ ಕಂಡಂತೆ.

ಈ ಸೀಮೆ ಮೊದಲಿನಿಂದಲೂ ಹಸಿರಾಗಿದ್ದದ್ದಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಕಟ್ಟೆಯ ನೀರು ಮಂಡ್ಯದ ಕಡೆಗೆ ತಿರುಗಿದ್ದು ಅದಾದ ಎರಡು ದಶಕಗಳ ಮೇಲೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಆಗಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದು ಕರೆದದ್ದನ್ನು ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ಜನರ ಬಾಯಲ್ಲಿ ಬರೀ ವಿ.ಸಿ. ನಾಲೆ. ದಾರಿಗೆ ಗುಡ್ಡ ಅಡ್ಡ ಬಂದಾಗ ಹುಲಿಕೆರೆಯ ಹತ್ತಿರ ಸುಮಾರು 2.8 ಕಿಲೋಮೀಟರ್ ಸುರಂಗ ಕೊರೆದು ನೀರನ್ನು ಈಚೆಗೆ ತಂದರು. ನೀರು ಬಂದ ಮೇಲೆ ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಒಂದು ನಾಲೆ ಜಿಲ್ಲೆಯನ್ನು ಹೆತ್ತಿತು ಎಂದರೆ ಇಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ.

ಈ ಚರಿತ್ರೆ ಕಾಲಿಗೆ ಗೊತ್ತಾಗುವುದು ಏರಿಯ ಮೇಲೆ ಸೈಕಲ್ ಹತ್ತಿದಾಗ. ದೊಡ್ಡ ನಾಲೆ ನೆಲದ ಒಂದೇ ಮಟ್ಟವನ್ನು ಹಿಡಿದು, ಕಿಲೋಮೀಟರಿಗೆ ಗೇಣೋ ಎರಡು ಗೇಣೋ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಏರಿಯ ಮೇಲಿನ ಮಣ್ಣು ದಾರಿಯಲ್ಲಿ ಗೇರ್ ಬದಲಿಸುವ ಕೆಲಸವೇ ಇಲ್ಲ. ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಳುಕಿಕೊಂಡು ಹೋಗುತ್ತಿದ್ದರೆ ಆಯಿತು. ಗಮನಿಸಬೇಕಾದ್ದು ಎರಡು ಪಕ್ಕಗಳನ್ನು. ನಾಲೆಯ ಕೆಳಗಿನ ಪಕ್ಕ ನಾಟಿ ಮಾಡಿದ ಗದ್ದೆ, ಕೆಸರು, ಬೆಳ್ಳಕ್ಕಿ. ಮೇಲಿನ ಪಕ್ಕ ಎಷ್ಟೋ ಕಡೆ ರಾಗಿ ಕೂಳೆ, ಹುರುಳಿ, ಬೇವು, ಕಲ್ಲು. ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹತ್ತು ಮಾರು ಅಂತರದಲ್ಲಿ ಇಬ್ಬರು ರೈತರ ಹಣೆಬರಹ ಬೇರೆಯಾಗಿದೆ. ಏರಿಯ ಮೇಲಿನ ಸವಾರ ಎರಡನ್ನೂ ಒಟ್ಟಿಗೆ ನೋಡಬಲ್ಲ. ನಾಲೆಗೆ ಕಟ್ಟು ನೀರು ಬಿಟ್ಟಿರುವ ದಿನಗಳಲ್ಲಾದರೆ ತೂಬಿನ ಹತ್ತಿರ ನೀರುಗಂಟಿಯೋ ಗುದ್ದಲಿ ಹಿಡಿದ ರೈತನೋ ಇದ್ದೇ ಇರುತ್ತಾರೆ. ಅವರ ಮುಂದೆ ಬೆಲ್ ಹೊಡೆಯಬೇಡಿ. ಸೈಕಲ್ ನಿಲ್ಲಿಸಿ ದಾರಿ ಬಿಡಿ. ಏರಿ ಅವರ ಕೆಲಸದ ಜಾಗ.

ಏರಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ಇದೇ ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಆಮೇಲೂ ಕಾರುಗಳು ನಾಲೆಗೆ ಬಿದ್ದಿವೆ, ಪ್ರತಿ ಸಲವೂ ತಡೆಗೋಡೆಯ ಮಾತು ಎದ್ದಿದೆ. ಕಾಂಕ್ರೀಟ್ ಹಾಕಿದ ನಾಲೆಯ ಬದಿ ನುಣುಪು, ಅದರ ಮೇಲೆ ಪಾಚಿ. ಒಳಗೆ ಬಿದ್ದವನಿಗೆ ಈಜು ಬಂದರೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ನೀರು ತುಂಬಿ ಹರಿಯುವಾಗ ನಾವು ಏರಿಯ ಹೊರಗಿನ ಅಂಚಿನಲ್ಲೇ ಒಬ್ಬರ ಹಿಂದೆ ಒಬ್ಬರು ಹೋಗುತ್ತೇವೆ, ಪಕ್ಕಪಕ್ಕ ಹರಟೆ ಹೊಡೆಯುತ್ತಾ ಹೋಗುವುದಿಲ್ಲ. ಮಳೆ ಬಿದ್ದು ಏರಿ ಜಾರುವಂತಿದ್ದರೆ ಆ ದಾರಿಯನ್ನೇ ಬಿಟ್ಟು ಟಾರು ರಸ್ತೆ ಹಿಡಿಯುತ್ತೇವೆ.

ಸುಗ್ಗಿಯ ದಿನಗಳಲ್ಲಿ ಈ ದಾರಿಯ ದಿಕ್ಸೂಚಿ ಮೂಗು. ಬೆಲ್ಲದ ವಾಸನೆ ಬಂತೆಂದರೆ ಆಲೆಮನೆ ಹತ್ತಿರವಿದೆ ಎಂದು ಲೆಕ್ಕ. ಮೊದಲ ನಿಲುಗಡೆ ಅಲ್ಲಿ. ಗಾಣದಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುತ್ತದೆ, ಒಲೆಗೆ ಒಣಗಿಸಿದ ಕಬ್ಬಿನ ರಚ್ಚೇ ಸೌದೆ. ಸುಣ್ಣದ ತಿಳಿ ಹಾಕಿದ ಮೇಲೆ ಕೊಳೆಯೆಲ್ಲ ನೊರೆಯಾಗಿ ಮೇಲಕ್ಕೆ ಬರುತ್ತದೆ. ಉದ್ದನೆಯ ಜರಡಿ ಸೌಟಿನಿಂದ ಒಬ್ಬ ಅದನ್ನು ತೆಗೆಯುತ್ತಲೇ ಇರುತ್ತಾನೆ. ಪಾಕ ಹದಕ್ಕೆ ಬಂತೇ ಎಂದು ನೋಡಲು ಹಿರಿಯ ಕೆಲಸಗಾರ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಆ ಉಂಡೆ ಗಟ್ಟಿಯಾಗಿ ನಿಂತ ಕ್ಷಣದಿಂದ ಅಲ್ಲಿ ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಕೊಪ್ಪರಿಗೆ ಬಗ್ಗಿಸಬೇಕು, ಹರಡಬೇಕು, ಅಚ್ಚಿಗೆ ತುಂಬಬೇಕು. ಮಾರುಕಟ್ಟೆಗೆ ಹೋಗುವುದು ಅಚ್ಚಿನ ಬೆಲ್ಲವೋ ಬಕೆಟ್ ಬೆಲ್ಲವೋ ಆಗಿ. ನಮ್ಮ ಕೈಗೆ ಸಿಗುವುದು ಕಬ್ಬಿನ ಗರಿಯ ಮೇಲೆ ಇಟ್ಟುಕೊಟ್ಟ ಬಿಸಿ ಚೂರು. ಸೈಕಲ್ ಸವಾರರಿಗೆಂದು ಬಣ್ಣದ ಕಾಗದದಲ್ಲಿ ಸುತ್ತಿ ಮಾರುವ ಶಕ್ತಿಯ ಮಿಠಾಯಿ ನಮ್ಮ ಚೀಲದಲ್ಲೂ ಇರುತ್ತದೆ. ಆ ದಿನ ಅದು ಹಾಗೇ ವಾಪಸು ಮನೆಗೆ ಬರುತ್ತದೆ.

ಶಿವಳ್ಳಿ ಕಳೆದು ದುದ್ದದ ಕಡೆಗೆ ಹೋದಂತೆ ಹಸಿರು ತೆಳುವಾಗುತ್ತದೆ. ಕೆರೆಯೋ ಕೊಳವೆ ಬಾವಿಯೋ ಇರುವಲ್ಲಿ ಮಾತ್ರ ತೋಟ, ಉಳಿದದ್ದು ಬೆದ್ದಲು. ನೆಲ ಈಗ ಏಳುಬೀಳಾಗುತ್ತದೆ, ಗೇರಿಗೆ ಕೆಲಸ ಬರುತ್ತದೆ. ಒಕ್ಕಣೆ ಕಾಲದಲ್ಲಿ ಊರ ಮುಂದಿನ ಟಾರಿನ ಮೇಲೆ ಹುರುಳಿ ಹರಡಿರುತ್ತಾರೆ, ಹೋಗಿ ಬರುವ ಗಾಡಿಗಳೇ ರೋಣಗಲ್ಲು. ಕಾರಿನವರು ಬೈದುಕೊಂಡು ದಾಟುತ್ತಾರೆ. ಸೈಕಲಿನವರು ಬೈಯುವಂತಿಲ್ಲ, ಬ್ರೇಕ್ ಹಿಡಿದರೆ ನೇರ ನೆಲಕ್ಕೆ.

ಇಲ್ಲಿಂದ ಮುಂದಿನ ಶತ್ರು ನೆಗ್ಗಿಲು. ಗಾತ್ರ ಕಡಲೆಯಷ್ಟು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ. ಈ ಸಲ ನಮ್ಮಲ್ಲೊಬ್ಬನ ಹಿಂದಿನ ಚಕ್ರ ಕೂತದ್ದು ಒಂದು ಅಂಗಡಿ ಜಗುಲಿಯ ಎದುರಿಗೇ. ಅವನು ಟೈರು ಬಿಚ್ಚಲು ಕೈ ಹಾಕುವಷ್ಟರಲ್ಲಿ ಜಗುಲಿಯ ಮೇಲಿದ್ದ ಹಿರಿಯರೊಬ್ಬರು, "ಮುಳ್ಳು ಕೀಳ್ಬ್ಯಾಡ ಕಣಪ್ಪ, ಮೊದ್ಲು ಎಲ್ ಚುಚ್ಚೈತೆ ಅಂತ ಗುರ್ತು ಮಾಡ್ಕೊ" ಎಂದರು. ಹಿಂದೆ ಸೈಕಲ್ ಶಾಪ್ ಇಟ್ಟಿದ್ದವರಂತೆ. ಬಕೆಟ್ ನೀರು ತರಿಸಿದರು, ಟ್ಯೂಬು ಅದ್ದಿ ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟರು, ಉಜ್ಜು ಕಾಗದದಿಂದ ಉಜ್ಜಿ, ಸಲ್ಯೂಷನ್ ಸವರಿ, ಅದು ಒಣಗುವ ತನಕ ಉಫ್ ಉಫ್ ಎಂದು ಊದಿ ಪ್ಯಾಚು ಅಂಟಿಸಿದರು. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಬಂತು: "ಎಷ್ಟು ಬಿತ್ತು ಇದು?" ಗೆಳೆಯ ತಲೆ ತಗ್ಗಿಸಿ ನಲವತ್ತು ಸಾವಿರ ಎಂದ. "ಅಷ್ಟು ಕೊಟ್ಟೂ ತುಳೀಬೇಕಾ?" ಎಂದರು. ನಮ್ಮ ಹವ್ಯಾಸಕ್ಕೆ ಇದಕ್ಕಿಂತ ಚಿಕ್ಕ ವಿಮರ್ಶೆ ಸಾಧ್ಯವಿಲ್ಲ.

ಜಕ್ಕನಹಳ್ಳಿ ಬಂತೆಂದರೆ ಮೇಲುಕೋಟೆಯ ಬೆಟ್ಟಗಳು ಎದುರಿಗೆ. ಈ ಕುರುಚಲು ಕಾಡನ್ನು 1974ರಲ್ಲಿ ಅಭಯಾರಣ್ಯವೆಂದು ಘೋಷಿಸಿದರು. ವಿಸ್ತೀರ್ಣ ಐವತ್ತು ಚದರ ಕಿಲೋಮೀಟರಿಗೆ ತುಸು ಕಡಿಮೆ. ಹುಲಿಗೋ ಆನೆಗೋ ಅಲ್ಲ, ತೋಳಕ್ಕಾಗಿ. ನಮ್ಮ ಕಡೆ ಕಾಡು ಎಂದರೆ ಮಲೆನಾಡಿನ ಕತ್ತಲೆಯೇ ಕಣ್ಣಿಗೆ ಬರುವುದು. ಇಲ್ಲಿರುವುದು ಬಂಡೆ, ಕಾರೆ, ತಂಗಡಿ, ಜಾಲಿ, ಬಿಸಿಲು. ತೋಳಕ್ಕೆ ಬೇಕಾದ್ದೂ ಇಂಥದ್ದೇ ಬಯಲು. ಬಂಡೆಗಳ ನಡುವಿನ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿಯಿದೆ, ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಸಿಗದ್ದು. ಚಿರತೆಯಂತೂ ಕಾಡಿನಿಂದ ಕಬ್ಬಿನ ಗದ್ದೆಯವರೆಗೂ ಇದೆ. ಕಟಾವಿನ ಹೊತ್ತಿನಲ್ಲಿ ಮರಿ ಸಿಕ್ಕಿದ ಸುದ್ದಿ ಮಂಡ್ಯದ ಓದುಗರಿಗೆ ಹೊಸದಲ್ಲ.

ಇಲ್ಲಿ ಸೈಕಲ್ ಸವಾರನಿಗೆ ಆಸೆ ಹುಟ್ಟುತ್ತದೆ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ತೆಗೆದ ಬೆಂಕಿ ರೇಖೆಗಳು ಗುಡ್ಡದ ಮೇಲೆ ಬೈತಲೆ ತೆಗೆದ ಹಾಗೆ ಕಾಣುತ್ತವೆ. ಗುಡ್ಡಗಾಡಿನ ಸೈಕಲಿಗೆಂದೇ ಮಾಡಿಟ್ಟ ದಾರಿ ಎನ್ನಿಸುತ್ತದೆ. ಹೋಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅಡ್ಡಿಯಿಲ್ಲ, ಅದನ್ನು ಬಿಟ್ಟು ಇಳಿಯಬೇಕೆಂದರೆ ಅನುಮತಿ ಬೇಕು. ನಮ್ಮ ತಂಡದಲ್ಲೇ ಇದರ ಬಗ್ಗೆ ವಾದವಿದೆ. ಸೈಕಲ್ ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ, ಏನು ಕೆಡುತ್ತದೆ ಎಂದು ಒಬ್ಬ. ಸದ್ದು ಮಾಡದೆ ವೇಗವಾಗಿ ಬರುವುದೇ ಪ್ರಾಣಿಗೆ ಹೆಚ್ಚು ಗಾಬರಿ ಎಂದು ಇನ್ನೊಬ್ಬ. ನಾನು ಎರಡನೆಯವನ ಕಡೆ. ಐವತ್ತು ಚದರ ಕಿಲೋಮೀಟರ್ ಕೂಡ ಇಲ್ಲದ, ಸುತ್ತ ಊರುಗಳೇ ಇರುವ ಕಾಡಿಗೆ ನಮ್ಮ ಟೈರಿನ ಗುರುತೂ ಭಾರವೇ. ಕಾಡಂಚಿನ ಊರುಗಳ ನಡುವೆ ಬಂಡಿ ಜಾಡುಗಳು ಬೇಕಾದಷ್ಟಿವೆ. ಕಲ್ಲು, ಕೊರಕಲು, ಮರಳು ಎಲ್ಲ ಅಲ್ಲೇ ಸಿಗುತ್ತದೆ.

ಕೊನೆಯ ಏರು ಮೇಲುಕೋಟೆಯ ಘಟ್ಟದ ರಸ್ತೆ. ಮಂಡ್ಯ ಪೇಟೆ ಸಮುದ್ರ ಮಟ್ಟದಿಂದ 2,200 ಅಡಿ ಆಸುಪಾಸಿನಲ್ಲಿದ್ದರೆ ಯೋಗಾನರಸಿಂಹನ ಬೆಟ್ಟದ ತುದಿ ಸುಮಾರು 3,500 ಅಡಿ. ಸೈಕಲ್ ಹೋಗುವುದು ಊರಿನ ತನಕ, ಮೆಟ್ಟಿಲಿಗೆ ಕಾಲೇ ಗತಿ. ಚೆಲುವನಾರಾಯಣ, ಕಲ್ಯಾಣಿ, ರಾಯಗೋಪುರದ ಬಗ್ಗೆ ಓದುಗರಿಗೆ ನಾನು ಹೇಳಬೇಕಿಲ್ಲ. ಪುಳಿಯೋಗರೆ ತಿಂದ ಮೇಲೆ ಒಂದು ಗಂಟೆ ಸೈಕಲ್ ಮುಟ್ಟಬೇಡಿ ಎಂಬುದೊಂದೇ ಸಲಹೆ.

ಇಳಿಜಾರು ಬೇರೆಯೇ ಕತೆ. ಗುಡ್ಡಗಾಡಿನ ಸೈಕಲ್ ಎಂಬ ಆಟ ಬೆಳೆದದ್ದೇ ಇಳಿಜಾರಿನಿಂದ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದಿಂದ ಇಳಿಸುವ ಪಂದ್ಯ ಕಟ್ಟಿದರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ತುಂಬಬೇಕಿತ್ತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಗುಡ್ಡಗಾಡಿನ ಸೈಕಲ್ ಒಲಿಂಪಿಕ್ಸ್ ಆಟವಾಯಿತು. ನಮ್ಮ ಡಿಸ್ಕ್ ಬ್ರೇಕಿಗೆ ಆ ತಾಪತ್ರಯವಿಲ್ಲ. ಆದರೆ ತಿರುವಿನಲ್ಲಿ ಮೇಲೇರಿ ಬರುವ ಬಸ್ಸಿಗೂ, ರಸ್ತೆ ನಡುವೆ ಕೂತ ಕೋತಿಗಳಿಗೂ ಡಿಸ್ಕ್ ಬ್ರೇಕಿನ ವಿಷಯ ಗೊತ್ತಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ವೈರಮುಡಿ ಉತ್ಸವ ಹತ್ತಿರ ಬಂದಾಗ ಮೇಲುಕೋಟೆ ರಸ್ತೆಯಲ್ಲಿ ಸೈಕಲಿಗೆ ಜಾಗವಿರುವುದಿಲ್ಲ. ದುದ್ದ ದಾಟಿದ ಮೇಲೆ ನೀರು ಹೆಚ್ಚಿಗೆ ಇಟ್ಟುಕೊಳ್ಳಿ, ಟ್ಯೂಬು ಎರಡಾದರೂ ಇರಲಿ. ಮಂಡ್ಯದಿಂದ ಮೇಲುಕೋಟೆಗೆ ರಸ್ತೆಯಲ್ಲಿ 35 ಕಿಲೋಮೀಟರ್ ಆಸುಪಾಸು, ಏರಿ ಮತ್ತು ಜಾಡು ಹಿಡಿದರೆ ಇನ್ನೂ ಜಾಸ್ತಿ. ವಾಪಸು ಬರುವಾಗ ಏರಿ ಬೇಡ, ರಸ್ತೆಯೇ ಸರಿ. ಮೂರು ಗಂಟೆಯೊಳಗೆ ಬೆಟ್ಟ ಇಳಿದುಬಿಡಿ: ಸಂಜೆಯಾದ ಮೇಲೆ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ, ಟ್ರೇಲರಿನಿಂದ ಹೊರಗೆ ಚಾಚಿದ ಜಲ್ಲೆಗಳು ನೇರ ಸವಾರನ ಮುಖದ ಎತ್ತರಕ್ಕೇ ಇರುತ್ತವೆ.