ಚಹಾಪುಡಿಯ ಎರೆಹೊಲ, ಇಟ್ಟಂಗಿ ಪುಡಿಯ ಗುಡ್ಡ

ಮಗಳ ಶಾಲೆಗೆ 'ನಮ್ಮೂರು' ಮಾದರಿ ಮಾಡಬೇಕಿತ್ತು. ನಮ್ಮೂರು ಗಜೇಂದ್ರಗಡ. ಬೆಂಗಳೂರಿನ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹುಲ್ಲನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಅವ್ವ ಅಂದಳು: "ನಮ್ಮ ಗುಡ್ಡ ಕೆಂಪೈತಿ, ಹೊಲ ಕರೀದೈತಿ. ಇಷ್ಟು ಹಸರ ಎಲ್ಲಿಂದ ತಂದಿಯವಾ?"

ಮಗಳು ಊರು ನೋಡೋದು ವರ್ಷಕ್ಕೆ ನಾಲ್ಕು ದಿನ. ಅವಳ ತಲೆಯಲ್ಲಿ ಉಳಿಯೋ ಊರಿಗೆ ಬಣ್ಣವಾದ್ರೂ ಸರಿ ಇರಲಿ ಅಂತ ಹುಲ್ಲು ತೆಗೆದಿಟ್ಟೆ.

ರಟ್ಟಿನ ಮೇಲೆ ಹಳೆ ಪೇಪರ್ ಮುದ್ದೆ, ಅದರ ಮೇಲೆ ಮೈದಾ ಅಂಟಿನ ಪೇಪರ್ ಪಟ್ಟಿ. ಬಂಡೆಗೆ ರಟ್ಟನ್ನು ಕತ್ತರಿಸಬೇಡಿ, ಕೈಯಿಂದ ಹರಿದು ಪದರಪದರವಾಗಿ ಅಂಟಿಸಿ. ಮೇಲೆ ಜರಡಿ ಹಿಡಿದ ಇಟ್ಟಂಗಿ ಪುಡಿ ಉದುರಿಸಿ. ರೋಣ, ನರಗುಂದದ ಕಡೆಯ ಎರೆಹೊಲಕ್ಕೆ ಕುದಿಸಿದ ಚಹಾಪುಡಿ. ಹಾಲು, ಸಕ್ಕರೆ ಹೋಗೋಹಂಗ ತೊಳೆದು, ಗರಿಗರಿ ಒಣಗಿಸಿ. ಇಲ್ಲಾಂದ್ರೆ ಬೂಷ್ಟು, ಇರುವೆ ಗ್ಯಾರಂಟಿ. ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ ಹನಿಸಿದರೆ ಪುಡಿಯೊಳಗೆ ಇಳಿಯುತ್ತೆ. ಜಾಲಿ ಗಿಡಕ್ಕೆ ತೆಂಗಿನ ನಾರು ಸಾಕು.

ಪೇಚಿಗಿಟ್ಟದ್ದು ಗುಡ್ಡದ ಮೇಲಿನ ಗಾಳಿಯಂತ್ರ. 1:100 ಅಳತೆಯಲ್ಲಿ ಮನುಷ್ಯ ಒಂದೂಮುಕ್ಕಾಲು ಸೆಂಟಿಮೀಟರ್. 80 ಮೀಟರಿನ ಕಂಬ 80 ಸೆಂಟಿಮೀಟರ್! ಹಿಂದಿನ ಅಂಚಿಗೆ ಕಸಬರಿಗೆ ಕಡ್ಡಿಯ ಪುಟ್ಟ ಫ್ಯಾನ್ ನಿಲ್ಲಿಸಿದೆ, ದೂರದ್ದು ಅನ್ನಿಸಿತು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ, ಆಮೇಲಿನ ಮಂಗಳವಾರಗಳಲ್ಲಿ ಗುಳ್ಳವ್ವನಿಗೆ ಗುಲಗಂಜಿ, ಕುಸುಬಿ ಚುಚ್ಚಿ ಬೆಳೆದ ನಮಗೆ ಡಯೋರಾಮಾ ಅನ್ನೋ ಹೆಸರಷ್ಟೇ ಹೊಸದು. ಹೊಲದಾಗಿನ ಜೋಡೆತ್ತು ಮಾತ್ರ ಮಗಳೇ ಮಾಡಿದಳು, ಅವ್ವ ಫೋನಿನಲ್ಲೇ ಕೊಂಬು ತಿದ್ದಿಸಿದಳು.